ಲಾಟೀನಿನ ಎಣ್ಣೆ ಟ್ಯಾಂಕ್ ದೊಡ್ಡದಾದಷ್ಟೂ ಒಳ್ಳೆಯದೇ? ಒಂದು ಡಬ್ಬಿಯ ಹಿಂದಿರುವ ವಿಜ್ಞಾನ

ಮಳೆಗಾಲದಲ್ಲಿ ಕರೆಂಟ್ ಕೈಕೊಟ್ಟ ಕೂಡಲೇ ನಮ್ಮ ಫೋನುಗಳಿಗೆ ಒಂದು ಬಗೆಯ ಸಂದೇಶಗಳು ಬರತೊಡಗುತ್ತವೆ. ‘ಹಳೆಯ ಲಾಟೀನು ಬಿಸಾಡಬೇಡಿ, ಪ್ಲಾಸ್ಟಿಕ್ ಬಾಟಲಿಯನ್ನು ತಲೆಕೆಳಗಾಗಿ ಜೋಡಿಸಿದರೆ ಮೂರು ರಾತ್ರಿ ಉರಿಯುತ್ತದೆ’, ‘ಸೀಮೆಎಣ್ಣೆ ಸಿಗದಿದ್ದರೆ ಕೊಬ್ಬರಿ ಎಣ್ಣೆ ಹಾಕಿ’, ‘ಟ್ಯಾಂಕಿಗೆ ಚಿಟಿಕೆ ಉಪ್ಪು ಹಾಕಿದರೆ ಹೊಗೆಯೇ ಬರುವುದಿಲ್ಲ’. ಓದಿದವರು ‘ಹೌದಲ್ಲ, ಎಷ್ಟು ಸುಲಭ’ ಎಂದುಕೊಂಡು ನಾಲ್ಕು ಗ್ರೂಪುಗಳಿಗೆ ಕಳಿಸುತ್ತಾರೆ.

ಈ ಸಲಹೆಗಳೆಲ್ಲ ಲಾಟೀನಿನ ಒಂದೇ ಭಾಗದ ಸುತ್ತ ಸುತ್ತುತ್ತವೆ. ಅದು ತಳದಲ್ಲಿರುವ ಎಣ್ಣೆ ಟ್ಯಾಂಕ್. ನೋಡಲು ಅದು ಬರೀ ತಗಡಿನ ಡಬ್ಬಿ. ಆದರೆ ಬೆಳಕು ಬೆಳಗಿನವರೆಗೂ ಒಂದೇ ಸಮ ಇರುತ್ತದೆಯೇ, ಉರುಳಿದರೆ ಮನೆ ಉಳಿಯುತ್ತದೆಯೇ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಇದೇ ಡಬ್ಬಿಯ ಆಕಾರ, ಎತ್ತರ, ಮುಚ್ಚಳ ಮತ್ತು ಒಳಗಿರುವ ಎಣ್ಣೆ. ಎರಡೂವರೆ ಶತಮಾನಗಳಿಂದ ಜನ ಈ ಡಬ್ಬಿಯನ್ನು ತಿದ್ದುತ್ತಾ ಬಂದಿದ್ದಾರೆ. ಹಾಗೆ ತಿದ್ದಿದವರಲ್ಲಿ ಗೆದ್ದವರು ಅದನ್ನು ದೊಡ್ಡದು ಮಾಡಿದವರಲ್ಲ. ಗಿಡ್ಡ, ಅಗಲ, ಭಾರ ಮತ್ತು ಭದ್ರ ಮಾಡಿದವರು. ಅದು ಯಾಕೆ ಹಾಗೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಈಗ ಯಾರು ಲಾಟೀನು ಹಚ್ಚುತ್ತಾರೆ ಎಂದು ನೀವು ಕೇಳಬಹುದು. 2011ರ ಜನಗಣತಿಯ ವೇಳೆಗೂ ಭಾರತದ ಶೇ. 31.4ರಷ್ಟು ಮನೆಗಳಿಗೆ ಮುಖ್ಯ ಬೆಳಕು ಸೀಮೆಎಣ್ಣೆಯದೇ ಆಗಿತ್ತು. ಆಮೇಲೆ ವಿದ್ಯುತ್ ಸಂಪರ್ಕ ಬಹಳ ಹರಡಿತು, ಎಲ್‌ಇಡಿ ಬಂತು. ಆದರೂ ಅಟ್ಟದ ಮೇಲೆ, ತೋಟದ ಮನೆಯಲ್ಲಿ, ಹಟ್ಟಿಯಲ್ಲಿ ಲಾಟೀನು, ಬುಡ್ಡಿಗಳು ಇನ್ನೂ ಇವೆ. ಉತ್ತರ ಕರ್ನಾಟಕದವರು ಕಂದೀಲು ಎನ್ನುವುದೂ ಇದನ್ನೇ. ವರ್ಷವಿಡೀ ಮೂಲೆಯಲ್ಲಿದ್ದು ಒಂದು ರಾತ್ರಿ ಮಾತ್ರ ಕೆಳಗಿಳಿಯುವ ಇಂಥ ದೀಪವೇ ಹೆಚ್ಚು ಅಪಾಯಕಾರಿ. ಅದರ ಬೆಸುಗೆ, ಬತ್ತಿ, ಮುಚ್ಚಳ ಹೇಗಿದೆ ಎಂದು ಯಾರೂ ನೋಡಿರುವುದಿಲ್ಲ.

ಬತ್ತಿ ಎಷ್ಟು ಎತ್ತರಕ್ಕೆ ಎಣ್ಣೆ ಎಳೆಯಬಲ್ಲದು?

ಬಟ್ಟೆಯ ಒಂದು ತುದಿಯನ್ನು ನೀರಿನಲ್ಲಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ನೀರು ಮೇಲಕ್ಕೆ ಹತ್ತುವುದನ್ನು ನೀವು ನೋಡಿರುತ್ತೀರಿ. ನೂಲಿನ ಎಳೆಗಳ ನಡುವಿನ ಸಣ್ಣ ಸಣ್ಣ ಸಂದುಗಳಲ್ಲಿ ದ್ರವ ತಾನಾಗಿ ಏರುತ್ತದೆ. ವಿಜ್ಞಾನದ ಪಾಠದಲ್ಲಿ ಇದನ್ನು ಲೋಮನಾಳ ಕ್ರಿಯೆ ಎನ್ನುತ್ತಾರೆ. ಲಾಟೀನಿನ ಬತ್ತಿ ಮಾಡುವುದೂ ಅದನ್ನೇ. ಇಲ್ಲಿ ಪಂಪ್ ಇಲ್ಲ, ಒತ್ತಡವಿಲ್ಲ. ಮೇಲೆ ಎಣ್ಣೆ ಉರಿದು ಹೋದ ಹಾಗೆ ಕೆಳಗಿನಿಂದ ಬತ್ತಿ ಎಣ್ಣೆ ಎಳೆದುಕೊಳ್ಳುತ್ತಲೇ ಇರುತ್ತದೆ.

ಆದರೆ ಈ ಎಳೆತಕ್ಕೆ ಮಿತಿ ಇದೆ. ಎಣ್ಣೆಯ ಮಟ್ಟದಿಂದ ಜ್ವಾಲೆ ದೂರವಾದಷ್ಟೂ ನಿಮಿಷಕ್ಕೆ ಮೇಲೆ ತಲುಪುವ ಎಣ್ಣೆ ಕಡಿಮೆಯಾಗುತ್ತದೆ. ಟ್ಯಾಂಕ್ ತುಂಬಿದಾಗ ಚೆನ್ನಾಗಿ ಬೆಳಗುವ ದೀಪ ನಡುರಾತ್ರಿ ಕಳೆದ ಮೇಲೆ ಮಂಕಾಗುವುದಕ್ಕೆ ಇದೊಂದು ಮುಖ್ಯ ಕಾರಣ. ಆಗ ನಾವು ಮಾಡುವುದೇನು? ಬತ್ತಿ ಏರಿಸುತ್ತೇವೆ. ಎಣ್ಣೆ ಸಾಲದ ಬತ್ತಿ ತಾನೇ ಸುಟ್ಟು ಕರಕಲಾಗುತ್ತದೆ, ಗಾಜು ಮಸಿ ಹಿಡಿಯುತ್ತದೆ.

ಇಲ್ಲಿ ಟ್ಯಾಂಕಿನ ಆಕಾರ ಮುಖ್ಯವಾಗುತ್ತದೆ. ಒಂದು ಸಣ್ಣ ಲೆಕ್ಕ ಮಾಡೋಣ. 300 ಮಿ.ಲೀ. ಎಣ್ಣೆಯನ್ನು 6 ಸೆಂ.ಮೀ. ಅಗಲದ ದುಂಡನೆಯ ಬಾಟಲಿಗೆ ಹಾಕಿದರೆ ಅದು ಸುಮಾರು 10.6 ಸೆಂ.ಮೀ. ಎತ್ತರ ನಿಲ್ಲುತ್ತದೆ. ಅಷ್ಟೇ ಎಣ್ಣೆಯನ್ನು 12 ಸೆಂ.ಮೀ. ಅಗಲದ ಡಬ್ಬಿಗೆ ಹಾಕಿದರೆ ನಿಲ್ಲುವುದು ಬರೀ 2.7 ಸೆಂ.ಮೀ. ಅಂದರೆ ಪೂರ್ತಿ ಎಣ್ಣೆ ಮುಗಿಯುವ ಹೊತ್ತಿಗೆ ಮೊದಲನೆಯದರಲ್ಲಿ ಮಟ್ಟ ಹತ್ತು ಸೆಂ.ಮೀ.ಗೂ ಹೆಚ್ಚು ಕೆಳಗಿಳಿದಿರುತ್ತದೆ, ಎರಡನೆಯದರಲ್ಲಿ ಮೂರು ಸೆಂ.ಮೀ. ಕೂಡ ಇಳಿದಿರುವುದಿಲ್ಲ. ಅಗಲವಾದ, ತಗ್ಗಾದ ಟ್ಯಾಂಕಿನ ಲಾಟೀನು ರಾತ್ರಿಯಿಡೀ ಹೆಚ್ಚು ಕಡಿಮೆ ಒಂದೇ ಸಮ ಬೆಳಗುವುದು ಇದರಿಂದಲೇ.

ನಮ್ಮ ಮಣ್ಣಿನ ಹಣತೆ ಯಾಕೆ ತಟ್ಟೆಯಂತೆ ಚಪ್ಪಟೆಯಾಗಿದೆ ಎಂಬುದಕ್ಕೂ ಇಲ್ಲೇ ಉತ್ತರವಿದೆ. ಎಳ್ಳೆಣ್ಣೆ, ಹರಳೆಣ್ಣೆ, ಕೊಬ್ಬರಿ ಎಣ್ಣೆಗಳು ಸೀಮೆಎಣ್ಣೆಗಿಂತ ತುಂಬ ಮಂದ. ಬತ್ತಿಯಲ್ಲಿ ಅವು ನಿಧಾನವಾಗಿ ಹರಿಯುವುದರಿಂದ ಹೆಚ್ಚು ದೂರ ಹತ್ತುವ ಹೊತ್ತಿಗೆ ಜ್ವಾಲೆಗೆ ಎಣ್ಣೆ ಸಾಲುವುದಿಲ್ಲ. ಹಾಗಾಗಿ ಹಣತೆಯಲ್ಲಿ ಜ್ವಾಲೆ ಎಣ್ಣೆಯ ಪಕ್ಕದಲ್ಲೇ ಕೂತಿರುತ್ತದೆ.

ಪಕ್ಕದಿಂದ ತಳಕ್ಕೆ: ಟ್ಯಾಂಕ್ ಜಾಗ ಬದಲಿಸಿದ ಕಥೆ

ಮಂದವಾದ ಎಣ್ಣೆಯ ಈ ಕಷ್ಟ ಯುರೋಪಿನವರನ್ನೂ ಕಾಡಿತ್ತು. 1780ರಲ್ಲಿ ಸ್ವಿಟ್ಜರ್‌ಲೆಂಡಿನ ಏಮೆ ಆರ್ಗಾಂಡ್ ಕೊಳವೆಯಾಕಾರದ ಬತ್ತಿಯ ದೀಪವನ್ನು ರೂಪಿಸಿದರು. ಬತ್ತಿಯ ಒಳಗೂ ಹೊರಗೂ ಗಾಳಿ ಹರಿಯುತ್ತಿದ್ದುದರಿಂದ ಅದು ಹಿಂದಿನ ದೀಪಗಳಿಗಿಂತ ಬಹಳ ಪ್ರಕಾಶಮಾನವಾಗಿತ್ತು. ಆದರೆ ಆಗ ಉರಿಸುತ್ತಿದ್ದುದು ಸಾಸಿವೆ ಜಾತಿಯ ಬೀಜದ ಎಣ್ಣೆ, ತಿಮಿಂಗಿಲದ ಎಣ್ಣೆ. ಅವು ಕೆಳಗಿನ ಟ್ಯಾಂಕಿನಿಂದ ಸಾಕಷ್ಟು ಏರುತ್ತಿರಲಿಲ್ಲ. ಅದಕ್ಕಾಗಿ ಟ್ಯಾಂಕನ್ನು ಪಕ್ಕದಲ್ಲಿ, ಜ್ವಾಲೆಯ ಎತ್ತರಕ್ಕೆ ಇಟ್ಟು ಎಣ್ಣೆಯನ್ನು ಬತ್ತಿಗೆ ಹರಿಯಬಿಟ್ಟರು.

ಇದರಿಂದ ಹೊಸ ತೊಂದರೆ ಹುಟ್ಟಿತು. ಪಕ್ಕದ ಟ್ಯಾಂಕಿನ ನೆರಳು ಕೋಣೆಯ ಒಂದು ಭಾಗವನ್ನೇ ಕತ್ತಲು ಮಾಡುತ್ತಿತ್ತು. ನೆರಳು ತಪ್ಪಿಸಲು ಮುಂದಿನವರು ಟ್ಯಾಂಕನ್ನು ಬಳೆಯಂತೆ ದುಂಡಗೆ, ತೆಳ್ಳಗೆ ಮಾಡಿ ದೀಪದ ಸುತ್ತ ಕೂರಿಸಿದರು. ಅಂಥ ಒಂದು ದೀಪಕ್ಕೆ ‘ನೆರಳಿಲ್ಲದ್ದು’ ಎಂಬ ಅರ್ಥದ ‘ಸಿನಂಬ್ರಾ’ ಎಂಬ ಹೆಸರೇ ಬಂತು. 1800ರ ಹೊತ್ತಿಗೆ ಪ್ಯಾರಿಸ್ಸಿನ ಕಾರ್ಸೆಲ್ ಟ್ಯಾಂಕನ್ನು ತಳಕ್ಕೆ ಇಳಿಸಿ, ಗಡಿಯಾರದಂಥ ಯಂತ್ರದಿಂದ ಎಣ್ಣೆಯನ್ನು ಮೇಲಕ್ಕೆ ಪಂಪ್ ಮಾಡುವ ದೀಪ ಮಾಡಿದರು. ಚೆನ್ನಾಗಿಯೇ ಉರಿಯುತ್ತಿತ್ತು, ಆದರೆ ದುಬಾರಿ.

ಇಷ್ಟು ಸಾಹಸಕ್ಕೆ ತೆರೆ ಎಳೆದದ್ದು ಹೊಸ ಯಂತ್ರವಲ್ಲ, ಹೊಸ ಎಣ್ಣೆ. 1853ರಲ್ಲಿ ಈಗಿನ ಉಕ್ರೇನ್‌ನ ಎಲ್ವಿವ್ ನಗರದಲ್ಲಿ ಇಗ್ನಾಸಿ ಲುಕಾಸಿಯೆವಿಚ್ ಎಂಬ ಔಷಧ ತಯಾರಕರು ಸೀಮೆಎಣ್ಣೆಯ ದೀಪವನ್ನು ರೂಪಿಸಿದರು. ಅದೇ ವರ್ಷ ಅಲ್ಲಿನ ಆಸ್ಪತ್ರೆಯಲ್ಲಿ ರಾತ್ರಿ ಶಸ್ತ್ರಚಿಕಿತ್ಸೆಗೂ ಅದನ್ನು ಬಳಸಲಾಯಿತು. ಸೀಮೆಎಣ್ಣೆ ತೆಳು, ಬತ್ತಿಯಲ್ಲಿ ಸರಾಗವಾಗಿ ಏರುತ್ತದೆ. ಪಂಪೂ ಬೇಡ, ಪಕ್ಕದ ಟ್ಯಾಂಕೂ ಬೇಡ. ಟ್ಯಾಂಕ್ ಮತ್ತೆ ಜ್ವಾಲೆಯ ಕೆಳಗೆ ಬಂದು ದೀಪದ ಪೀಠವೇ ಆಯಿತು. ಎರಡು ಬದಿಗೆ ಗಾಳಿಯ ಕೊಳವೆಗಳು, ನಡುವೆ ಗಾಜು, ತಳದಲ್ಲಿ ಚಪ್ಪಟೆ ಟ್ಯಾಂಕ್ ಇರುವ ಇಂದಿನ ಲಾಟೀನಿನ ರೂಪ 1860ರ ದಶಕದ ಕೊನೆ ಮತ್ತು 1870ರ ದಶಕದ ಆರಂಭದಲ್ಲಿ ಅಮೆರಿಕದ ಜಾನ್ ಇರ್ವಿನ್ ಅವರ ವಿನ್ಯಾಸಗಳಿಂದ ಬಂತು.

ಆದರೆ ಸುಲಭವಾಗಿ ಏರುವ ಎಣ್ಣೆ ಸುಲಭವಾಗಿ ಹೊತ್ತಿಕೊಳ್ಳುವ ಎಣ್ಣೆಯೂ ಹೌದು. ಅಲ್ಲಿಂದ ಮುಂದೆ ಟ್ಯಾಂಕಿನ ಪ್ರಶ್ನೆ ಬೆಳಕಿಗಿಂತ ಹೆಚ್ಚಾಗಿ ಸುರಕ್ಷತೆಯದಾಯಿತು.

ತಲೆಕೆಳಗಾದ ಬಾಟಲಿ ಯಾಕೆ ಅಪಾಯ?

ಕೋಳಿ ಫಾರಂನಲ್ಲಿ ನೀರಿನ ಡಬ್ಬಿಯನ್ನು ತಟ್ಟೆಯ ಮೇಲೆ ಬೋರಲು ಹಾಕಿಟ್ಟಿರುವುದನ್ನು ನೋಡಿರುತ್ತೀರಿ. ಕೋಳಿ ಕುಡಿದಷ್ಟೇ ನೀರು ಕೆಳಗಿಳಿಯುತ್ತದೆ, ತಟ್ಟೆಯ ಮಟ್ಟ ಬದಲಾಗುವುದಿಲ್ಲ. ಕಚೇರಿಗಳಲ್ಲಿ 20 ಲೀಟರ್ ನೀರಿನ ಕ್ಯಾನನ್ನು ತಲೆಕೆಳಗಾಗಿ ಇಡುವುದೂ ಇದೇ ತತ್ವದ ಮೇಲೆ. ಎಣ್ಣೆ ದೀಪಕ್ಕೆ ಈ ಉಪಾಯ ಹೊಸದಲ್ಲ. 9ನೇ ಶತಮಾನದ ಬಾಗ್ದಾದಿನ ಬನೂ ಮೂಸಾ ಸಹೋದರರ ಯಂತ್ರಗಳ ಪುಸ್ತಕದಲ್ಲೇ ತಾನಾಗಿ ಎಣ್ಣೆ ತುಂಬಿಕೊಳ್ಳುವ ದೀಪದ ವಿವರಣೆಯಿದೆ. ಆರ್ಗಾಂಡ್ ದೀಪದ ಪಕ್ಕದ ಟ್ಯಾಂಕ್ ಕೂಡ ಹೀಗೇ ಕೆಲಸ ಮಾಡುತ್ತಿತ್ತು.

ಹಾಗಾದರೆ ಪ್ಲಾಸ್ಟಿಕ್ ಬಾಟಲಿಯ ಫಾರ್ವರ್ಡ್ ಸರಿಯೇ? ಅಲ್ಲ. ತತ್ವ ಸರಿ, ಜಾಗ ತಪ್ಪು. ತಲೆಕೆಳಗಾದ ಬಾಟಲಿಯಲ್ಲಿ ಎಣ್ಣೆ ಇಳಿದ ಹಾಗೆ ಮೇಲ್ಭಾಗದಲ್ಲಿ ಗಾಳಿ ಸೇರುತ್ತದೆ. ದೀಪದ ಶಾಖಕ್ಕೆ ಆ ಗಾಳಿ ಹಿಗ್ಗುತ್ತದೆ. 200 ಮಿ.ಲೀ. ಗಾಳಿ 25 ಡಿಗ್ರಿಯಿಂದ 45 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಯಾದರೆ ಸುಮಾರು 13 ಮಿ.ಲೀ.ನಷ್ಟು ಹಿಗ್ಗುತ್ತದೆ. ಬಾಟಲಿಯ ಮೇಲ್ಭಾಗ ಮುಚ್ಚಿರುವುದರಿಂದ ಅದಕ್ಕೆ ಹೊರಹೋಗಲು ದಾರಿಯಿಲ್ಲ. ಅದು ಎಣ್ಣೆಯನ್ನೇ ಕೆಳಕ್ಕೆ ತಳ್ಳುತ್ತದೆ. ಅಂದರೆ ಉರಿಯುತ್ತಿರುವ ಬರ್ನರಿನ ಕಡೆಗೆ ಮೂರು ಟೀ ಚಮಚಕ್ಕೆ ಸ್ವಲ್ಪವೇ ಕಡಿಮೆ ಸೀಮೆಎಣ್ಣೆ ಉಕ್ಕುತ್ತದೆ. ಬಿಸಿಯಾದಷ್ಟೂ ಹೆಚ್ಚು ಉಕ್ಕುತ್ತದೆ, ಹೆಚ್ಚು ಉಕ್ಕಿದಷ್ಟೂ ಬೆಂಕಿ ದೊಡ್ಡದಾಗಿ ಇನ್ನಷ್ಟು ಬಿಸಿಯಾಗುತ್ತದೆ. ಸುಲಭವಾಗಿ ಹೊತ್ತಿಕೊಳ್ಳದ ಬೀಜದೆಣ್ಣೆಗೆ ಈ ವಿನ್ಯಾಸ ಹೇಗೋ ನಡೆಯುತ್ತಿತ್ತು, ಸೀಮೆಎಣ್ಣೆಗೆ ನಡೆಯದು. ಸಾಲದ್ದಕ್ಕೆ, ನೀರಿನ ಬಾಟಲಿಯ ಪ್ಲಾಸ್ಟಿಕ್ 70ರಿಂದ 80 ಡಿಗ್ರಿಯಲ್ಲೇ ಮೆತ್ತಗಾಗುತ್ತದೆ. ಲಾಟೀನಿನ ಮೇಲ್ಭಾಗದ ಲೋಹ ಅದಕ್ಕಿಂತ ಎಷ್ಟೋ ಬಿಸಿ ಇರುತ್ತದೆ.

ತಳದಲ್ಲಿರುವ ಟ್ಯಾಂಕಿನಲ್ಲೂ ಎಣ್ಣೆ, ಗಾಳಿ ಹಿಗ್ಗುತ್ತವೆ. ಸೀಮೆಎಣ್ಣೆ ಪ್ರತಿ 10 ಡಿಗ್ರಿಗೆ ಸುಮಾರು ಶೇ. 1ರಷ್ಟು ಹಿಗ್ಗುತ್ತದೆ. 400 ಮಿ.ಲೀ. ಎಣ್ಣೆ 20 ಡಿಗ್ರಿ ಬಿಸಿಯಾದರೆ 8 ಮಿ.ಲೀ. ಹೆಚ್ಚಾಗುತ್ತದೆ. ಅದಕ್ಕೇ ಒಳ್ಳೆಯ ಟ್ಯಾಂಕಿಗೆ ಎರಡು ವ್ಯವಸ್ಥೆ ಬೇಕು. ಒಂದು, ಹಿಗ್ಗಿದ ಗಾಳಿ ಹೊರಹೋಗಲು, ಎಣ್ಣೆ ಕಡಿಮೆಯಾದ ಹಾಗೆ ಗಾಳಿ ಒಳಬರಲು ಬರ್ನರಿನಲ್ಲಿ ಸಣ್ಣ ದಾರಿ. ಇನ್ನೊಂದು, ಎಣ್ಣೆ ಹಾಕುವ ಬಾಯಿಗೆ ಸೋರದ ತಿರುಪು ಮುಚ್ಚಳ. ಬರ್ನರಿನ ಆ ಸಣ್ಣ ತೂತನ್ನು ‘ಇಲ್ಲಿಂದ ವಾಸನೆ ಬರುತ್ತದೆ’ ಎಂದು ಮುಚ್ಚುವುದು, ಟ್ಯಾಂಕನ್ನು ಕಂಠದವರೆಗೆ ತುಂಬುವುದು ಎರಡೂ ತಪ್ಪು. ಹತ್ತರಲ್ಲಿ ಒಂದು ಭಾಗವಾದರೂ ಖಾಲಿ ಇರಲಿ.

ಟ್ಯಾಂಕ್ ಸಿಡಿಯುವುದು ಯಾವಾಗ?

ಬೆಂಕಿ ಹಿಡಿಯುವುದು ದ್ರವಕ್ಕಲ್ಲ, ಅದರಿಂದ ಏಳುವ ಆವಿಗೆ. ಎಷ್ಟು ಉಷ್ಣಾಂಶದಲ್ಲಿ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಏಳುತ್ತದೋ ಅದನ್ನು ಫ್ಲ್ಯಾಶ್ ಪಾಯಿಂಟ್ ಎನ್ನುತ್ತಾರೆ. ಭಾರತೀಯ ಮಾನಕದ ಪ್ರಕಾರ ಸೀಮೆಎಣ್ಣೆಯ ಫ್ಲ್ಯಾಶ್ ಪಾಯಿಂಟ್ ಕನಿಷ್ಠ 35 ಡಿಗ್ರಿ ಸೆಲ್ಸಿಯಸ್ ಇರಬೇಕು. ಪೆಟ್ರೋಲಿನದು ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೆ! ಅಂದರೆ ಪೆಟ್ರೋಲು ಮಂಜುಗಡ್ಡೆಯ ನಡುವೆ ಇದ್ದರೂ ಹೊತ್ತಿಕೊಳ್ಳಲು ಸಿದ್ಧ. ಅಡುಗೆ ಎಣ್ಣೆಗಳದು 200 ಡಿಗ್ರಿಗಿಂತ ಮೇಲೆ.

ಅಮೆರಿಕ, ಇಂಗ್ಲೆಂಡುಗಳಲ್ಲಿ ಸೀಮೆಎಣ್ಣೆ ಬಂದ ಮೊದಲ ದಶಕಗಳಲ್ಲಿ ದೀಪಗಳು ಸಿಡಿದು ಬಹಳ ಜನ ಸತ್ತರು. ದೊಡ್ಡ ಕಾರಣ ಕಲಬೆರಕೆ. ಆಗ ಅಗ್ಗವಾಗಿದ್ದ ನಾಫ್ತಾದಂಥ ಹಗುರ ಎಣ್ಣೆಯನ್ನು ಸೀಮೆಎಣ್ಣೆಗೆ ಬೆರೆಸಿ ಮಾರುತ್ತಿದ್ದರು. ಕೊನೆಗೆ ಕಾನೂನೇ ಬರಬೇಕಾಯಿತು. ಇಂಗ್ಲೆಂಡಿನಲ್ಲಿ 1879ರ ಕಾಯ್ದೆ ಫ್ರೆಡರಿಕ್ ಏಬಲ್ ರೂಪಿಸಿದ ಪರೀಕ್ಷೆಯನ್ನು ಕಡ್ಡಾಯ ಮಾಡಿತು. ನಮ್ಮ ಸೀಮೆಎಣ್ಣೆಯ ಫ್ಲ್ಯಾಶ್ ಪಾಯಿಂಟ್ ಅಳೆಯುವ ವಿಧಾನಕ್ಕೆ ಇವತ್ತಿಗೂ ಅವರದೇ ಹೆಸರಿದೆ.

‘ಸ್ವಲ್ಪವೇ ಪೆಟ್ರೋಲು ಬೆರೆಸಿದರೆ ಏನಾಗುತ್ತದೆ’ ಎಂದು ಕೇಳುವವರಿದ್ದಾರೆ. ವಿಚಿತ್ರವೆಂದರೆ ಸ್ವಲ್ಪ ಬೆರೆಸುವುದೇ ಹೆಚ್ಚು ಅಪಾಯ. ಗಾಳಿಯಲ್ಲಿ ಪೆಟ್ರೋಲ್ ಆವಿ ಸುಮಾರು ಶೇ. 1.4ರಿಂದ 7.6ರವರೆಗೆ ಇದ್ದಾಗ ಮಾತ್ರ ಅದು ಸಿಡಿಯುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಪೂರ್ತಿ ಪೆಟ್ರೋಲ್ ಇದ್ದರೆ ಆವಿ ಸಾಮಾನ್ಯವಾಗಿ ಈ ಮಿತಿಯನ್ನೂ ಮೀರಿ ದಟ್ಟವಾಗಿರುತ್ತದೆ. ಸೀಮೆಎಣ್ಣೆಗೆ ಒಂದಿಷ್ಟು ಪೆಟ್ರೋಲ್ ಬೆರೆತಾಗ, ಅರ್ಧ ಖಾಲಿಯಾದ ಟ್ಯಾಂಕಿನಲ್ಲಿ ಆವಿ ಮತ್ತು ಗಾಳಿ ಸಿಡಿಯುವ ಪ್ರಮಾಣದಲ್ಲೇ ಸೇರಿಕೊಳ್ಳಬಹುದು. ಸೀಮೆಎಣ್ಣೆ ಸುಲಭವಾಗಿ ಸಿಗದ ಈ ದಿನಗಳಲ್ಲಿ ಪೆಟ್ರೋಲ್, ಥಿನ್ನರ್, ಸ್ಪಿರಿಟ್ ಇವುಗಳಲ್ಲಿ ಯಾವುದನ್ನೂ ಲಾಟೀನಿಗೆ ಒಂದು ಹನಿಯೂ ಹಾಕಬಾರದು ಎನ್ನುವುದು ಇದಕ್ಕೇ. ಎಷ್ಟು ಗಟ್ಟಿ ಟ್ಯಾಂಕ್ ಕೂಡ ತಪ್ಪು ಎಣ್ಣೆಯಿಂದ ನಿಮ್ಮನ್ನು ಕಾಪಾಡಲಾರದು.

ಇನ್ನೊಂದು ವಿಷಯ ನಮ್ಮ ಬಯಲುಸೀಮೆಗೆ ಸಂಬಂಧಿಸಿದ್ದು. ಕಲಬುರಗಿ, ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಸಾಮಾನ್ಯ. ಅಂದರೆ ಬಿಸಿಲಿಗಿಟ್ಟ ಟ್ಯಾಂಕಿನಲ್ಲಿ ಶುದ್ಧ ಸೀಮೆಎಣ್ಣೆಯೇ ತನ್ನ ಫ್ಲ್ಯಾಶ್ ಪಾಯಿಂಟ್ ತಲುಪಿರಬಹುದು. ಬೇಸಿಗೆಯಲ್ಲಿ ಲಾಟೀನನ್ನು ನೆರಳಿನಲ್ಲಿಟ್ಟು ತಣ್ಣಗಾದ ಮೇಲೆ ಹಚ್ಚುವುದು ಅತಿ ಎಚ್ಚರಿಕೆಯೇನಲ್ಲ.

ಬತ್ತಿಯ ಅಳತೆಯೂ ಮುಖ್ಯ. ಬರ್ನರಿನ ಸೀಳಿಗೆ ಬತ್ತಿ ಸರಿಯಾಗಿ ತುಂಬಿಕೊಂಡಿದ್ದರೆ ಜ್ವಾಲೆಗೂ ಟ್ಯಾಂಕಿನ ಆವಿಗೂ ನಡುವೆ ಅದೇ ಬಾಗಿಲು. ತೆಳು ಬತ್ತಿ ಅಥವಾ ಹಳೇ ಬಟ್ಟೆಯ ಚೂರು ಹಾಕಿದರೆ ಪಕ್ಕದ ಸಂದಿನಲ್ಲಿ ಜ್ವಾಲೆ ಕೆಳಗಿಳಿಯಲು ದಾರಿ ಸಿಗುತ್ತದೆ. ಗಾಜಿನ ಮೇಲಿನಿಂದ ಜೋರಾಗಿ ಊದಿ ಆರಿಸುವಾಗಲೂ ಜ್ವಾಲೆ ಕೆಳಕ್ಕೆ ತಳ್ಳಲ್ಪಡುತ್ತದೆ. ಬತ್ತಿಯನ್ನು ಪೂರ್ತಿ ಇಳಿಸಿ ಆರಿಸುವುದೇ ಸರಿ.

ಉರುಳಿದಾಗ ಏನಾಗುತ್ತದೆ?

1871ರ ಅಕ್ಟೋಬರ್ 8ರ ರಾತ್ರಿ ಅಮೆರಿಕದ ಶಿಕಾಗೋದಲ್ಲಿ ಹೊತ್ತಿಕೊಂಡ ಬೆಂಕಿಗೆ ಸುಮಾರು 300 ಜನ ಬಲಿಯಾದರು, ಸುಮಾರು ಒಂದು ಲಕ್ಷ ಜನ ಮನೆ ಕಳೆದುಕೊಂಡರು. ಓ’ಲಿಯರಿ ಎಂಬ ಮಹಿಳೆಯ ಹಸು ಲಾಟೀನನ್ನು ಒದ್ದದ್ದೇ ಕಾರಣ ಎಂಬ ಸುದ್ದಿ ಊರೆಲ್ಲ ಹಬ್ಬಿತು. ವಾಟ್ಸಾಪ್ ಇಲ್ಲದ ಕಾಲದ ಫಾರ್ವರ್ಡ್ ಅದು! ಬೆಂಕಿ ಅವರ ಕೊಟ್ಟಿಗೆಯ ಬಳಿ ಶುರುವಾದದ್ದು ನಿಜ. ಆದರೆ ಹಸುವಿನ ಕಥೆಗೆ ಸಾಕ್ಷ್ಯ ಇರಲೇ ಇಲ್ಲ. 1997ರಲ್ಲಿ ಶಿಕಾಗೋ ನಗರಸಭೆ ಆಕೆಯನ್ನೂ ಹಸುವನ್ನೂ ಆರೋಪದಿಂದ ಮುಕ್ತಗೊಳಿಸಿತು. ಅಷ್ಟು ಹೊತ್ತಿಗೆ ಆಕೆ ತೀರಿಹೋಗಿ ಒಂದು ಶತಮಾನವೇ ಕಳೆದಿತ್ತು.

ಜನ ಆ ಕಥೆಯನ್ನು ಸುಲಭವಾಗಿ ನಂಬಿದ್ದಕ್ಕೆ ಕಾರಣವಿದೆ. ಉರುಳಿದ ದೀಪ ಮನೆ ಸುಡುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಇಲ್ಲೂ ಉತ್ತರ ಟ್ಯಾಂಕಿನ ಆಕಾರದಲ್ಲಿದೆ. 6 ಸೆಂ.ಮೀ. ಅಗಲದ ತಳ, 7 ಸೆಂ.ಮೀ. ಎತ್ತರದಲ್ಲಿ ಭಾರದ ಕೇಂದ್ರ ಇರುವ ಉದ್ದನೆಯ ಬಾಟಲಿ ದೀಪವನ್ನು 23 ಡಿಗ್ರಿ ವಾಲಿಸಿದರೆ ಸಾಕು, ಉರುಳುತ್ತದೆ. 8 ಸೆಂ.ಮೀ. ಅಗಲವಿದ್ದು ಭಾರದ ಕೇಂದ್ರ 3 ಸೆಂ.ಮೀ. ಎತ್ತರದಲ್ಲಿದ್ದರೆ ಅದನ್ನು ಉರುಳಿಸಲು 53 ಡಿಗ್ರಿ ವಾಲಿಸಬೇಕು. ಮಗುವಿನ ಕೈ ತಾಗಿದರೆ ಮೊದಲನೆಯದು ಬೀಳುತ್ತದೆ, ಎರಡನೆಯದು ಅಲುಗಾಡಿ ನಿಲ್ಲುತ್ತದೆ.

ಈ ಲೆಕ್ಕವನ್ನು ಜೀವ ಉಳಿಸುವ ಕೆಲಸಕ್ಕೆ ಹಚ್ಚಿದವರು ಶ್ರೀಲಂಕಾದ ಶಸ್ತ್ರಚಿಕಿತ್ಸಕ ಡಾ. ವಿಜಯ ಗೋಡಕುಂಬುರ. ಅಲ್ಲಿನ ಬಡವರ ಮನೆಗಳಲ್ಲಿ ಬಿಸಾಡಿದ ಬಾಟಲಿ, ಕೆಟ್ಟ ಬಲ್ಬುಗಳಿಗೆ ಸೀಮೆಎಣ್ಣೆ ತುಂಬಿ ಬತ್ತಿ ಇಳಿಬಿಟ್ಟ ದೀಪಗಳಿದ್ದವು. ಔಷಧಿ ಬಾಟಲಿಯ ಮುಚ್ಚಳಕ್ಕೆ ತೂತು ಕೊರೆದು ನಮ್ಮಲ್ಲಿ ಮಾಡುತ್ತಿದ್ದ ಬುಡ್ಡಿಯಂಥವೇ ಅವು. ಹಗುರ, ಉದ್ದ, ಮುಚ್ಚಳ ಸಡಿಲ. ಅವು ಉರುಳಿ ಸುಟ್ಟುಕೊಂಡವರು ಒಬ್ಬರಾದ ಮೇಲೊಬ್ಬರು ವೈದ್ಯರ ಬಳಿ ಬರುತ್ತಿದ್ದರು. ಚಿಕಿತ್ಸೆ ಕೊಡುವುದಷ್ಟೇ ಸಾಲದು, ದೀಪವನ್ನೇ ಬದಲಿಸಬೇಕು ಎಂದು ಅವರು ನಿರ್ಧರಿಸಿದರು.

ಅವರಿಗೆ ದಾರಿ ತೋರಿಸಿದ್ದು ಬ್ರೆಡ್ಡಿಗೆ ಸವರಿಕೊಳ್ಳುವ ಮಾರ್ಮೈಟ್ ಎಂಬ ತಿನಿಸಿನ ಗಿಡ್ಡ, ದಪ್ಪ ಬಾಟಲಿ. 1990ರ ದಶಕದಲ್ಲಿ ಅವರು ರೂಪಿಸಿದ ‘ಸುದೀಪ’ ದೀಪದ ಗುಟ್ಟು ನಾಲ್ಕೇ. ಗಿಡ್ಡವಾಗಿದ್ದು ಭಾರವಾಗಿದೆ, ಹಾಗಾಗಿ ಸುಲಭವಾಗಿ ಉರುಳುವುದಿಲ್ಲ. ಎರಡು ಬದಿ ಚಪ್ಪಟೆಯಾಗಿದೆ, ಹಾಗಾಗಿ ಬಿದ್ದರೂ ಉರುಳಿಕೊಂಡು ಹೋಗುವುದಿಲ್ಲ. ಗಾಜು ದಪ್ಪ, ಒಡೆಯುವುದು ಕಷ್ಟ. ಲೋಹದ ತಿರುಪು ಮುಚ್ಚಳವಿದೆ, ಎಣ್ಣೆ ಚೆಲ್ಲುವುದಿಲ್ಲ. ಹೊಸ ಎಣ್ಣೆಯಿಲ್ಲ, ಯಂತ್ರವಿಲ್ಲ, ದುಬಾರಿ ವಸ್ತುವಿಲ್ಲ. ಬದಲಾಗಿದ್ದು ಎಣ್ಣೆ ತುಂಬುವ ಪಾತ್ರೆಯ ಆಕಾರವಷ್ಟೇ. 1998ರಲ್ಲಿ ಅವರಿಗೆ ಅಂತರರಾಷ್ಟ್ರೀಯ ರೋಲೆಕ್ಸ್ ಪ್ರಶಸ್ತಿ ಬಂತು.

ಇದು ಸಣ್ಣ ವಿಷಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,80,000 ಜನ ಸುಟ್ಟ ಗಾಯಗಳಿಂದ ಸಾಯುತ್ತಾರೆ. ಭಾರತದಲ್ಲೇ ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ಜನರಿಗೆ ಮಧ್ಯಮ ಅಥವಾ ತೀವ್ರ ಸುಟ್ಟ ಗಾಯಗಳಾಗುತ್ತವೆ. ಇವೆಲ್ಲ ದೀಪದಿಂದಾದವಲ್ಲ, ಒಲೆ, ಬಿಸಿನೀರು, ವಿದ್ಯುತ್ ಎಲ್ಲವೂ ಸೇರಿವೆ. ಆದರೆ ಸೀಮೆಎಣ್ಣೆ ದೀಪದ ಪಾಲನ್ನು ನಮ್ಮ ಕೈಯಾರೆ ಕಡಿಮೆ ಮಾಡಬಹುದು.

ಪೆಟ್ರೋಮ್ಯಾಕ್ಸ್ ಲೆಕ್ಕವೇ ಬೇರೆ

ಕರಾವಳಿಯ ಯಕ್ಷಗಾನ ಬಯಲಾಟ, ಜಾತ್ರೆ, ಮದುವೆಗಳನ್ನು ಒಂದು ಕಾಲಕ್ಕೆ ಬೆಳಗುತ್ತಿದ್ದ ಪೆಟ್ರೋಮ್ಯಾಕ್ಸ್ ಕೂಡ ಸೀಮೆಎಣ್ಣೆಯದೇ. ನಮ್ಮ ಹಿರಿಯರು ಅದನ್ನು ಗ್ಯಾಸ್‌ಲೈಟ್ ಎನ್ನುತ್ತಿದ್ದರು. ಅದರಲ್ಲಿ ಎಣ್ಣೆ ಏರಿಸುವುದು ಬತ್ತಿಯಲ್ಲ, ಕೈಪಂಪಿನಿಂದ ತುಂಬಿದ ಗಾಳಿಯ ಒತ್ತಡ. ಹಾಗಾಗಿ ಆ ಟ್ಯಾಂಕ್ ಗಾಳಿಯಾಡುವಂತಿರಬಾರದು, ಬಿಗಿಯಾಗಿ ಮುಚ್ಚಿರಬೇಕು. ಒತ್ತಡ ತಡೆಯಲು ಅದನ್ನು ದುಂಡಗೆ, ಗಟ್ಟಿ ಲೋಹದಲ್ಲಿ ಮಾಡುತ್ತಾರೆ. ಒತ್ತಡ ಇಳಿಸಲು ಬೇರೆ ತಿರುಪು ಇರುತ್ತದೆ. ಲಾಟೀನಿನ ಟ್ಯಾಂಕಿಗೆ ಪಂಪ್ ಜೋಡಿಸುವುದು, ಪೆಟ್ರೋಮ್ಯಾಕ್ಸಿನ ಮುಚ್ಚಳಕ್ಕೆ ತೂತು ಕೊರೆಯುವುದು ಎರಡೂ ಅಪಾಯ. ಒಂದಕ್ಕೆ ಸರಿಯಾದ ನಿಯಮ ಇನ್ನೊಂದಕ್ಕೆ ಸರಿಯಲ್ಲ.

ಫಾರ್ವರ್ಡ್‌ಗಳ ಮಾತು ಎಷ್ಟು ನಿಜ?

ದೊಡ್ಡ ಟ್ಯಾಂಕ್ ಬೇಕೇ? ಸಾಮಾನ್ಯ ಸಣ್ಣ ಲಾಟೀನು ಗಂಟೆಗೆ ಸುಮಾರು 15ರಿಂದ 20 ಮಿ.ಲೀ. ಸೀಮೆಎಣ್ಣೆ ಉರಿಸುತ್ತದೆ. 300 ಮಿ.ಲೀ. ಇದ್ದರೆ 15ರಿಂದ 20 ಗಂಟೆ ಬೆಳಕು. ಒಂದು ರಾತ್ರಿಗೆ ಅದೇ ಹೆಚ್ಚು. ಟ್ಯಾಂಕ್ ದೊಡ್ಡದಾದರೆ ಹೆಚ್ಚುವುದು ಬೆಳಕಲ್ಲ, ಉರುಳಿದಾಗ ಚೆಲ್ಲುವ ಎಣ್ಣೆ.

ಕೊಬ್ಬರಿ ಎಣ್ಣೆ ಹಾಕಬಹುದೇ? ಅದು ಸಿಡಿಯುವುದಿಲ್ಲ, ನಿಜ. ಆದರೆ ಲಾಟೀನಿನ ಬತ್ತಿಯಲ್ಲಿ ಅಷ್ಟು ಎತ್ತರಕ್ಕೆ ಸಾಕಷ್ಟು ಏರುವುದಿಲ್ಲ. ದೀಪ ಸ್ವಲ್ಪ ಹೊತ್ತು ಮಿಣುಕಿ ಆರುತ್ತದೆ, ಚಳಿಗೆ ಎಣ್ಣೆ ಗಟ್ಟಿಯಾಗಿ ಬತ್ತಿ ಕಟ್ಟಿಕೊಳ್ಳುತ್ತದೆ. ಕೊಬ್ಬರಿ ಎಣ್ಣೆಗೆ ಹಣತೆಯೇ ಸರಿ.

ಉಪ್ಪು ಹಾಕಿದರೆ ಹೊಗೆ ನಿಲ್ಲುತ್ತದೆಯೇ? ಉಪ್ಪು ಸೀಮೆಎಣ್ಣೆಯಲ್ಲಿ ಕರಗುವುದೇ ಇಲ್ಲ, ತಳದಲ್ಲಿ ಕೂರುತ್ತದೆ. ತಗಡಿನ ಟ್ಯಾಂಕಿನಲ್ಲಿ ಒಂದಿಷ್ಟು ನೀರಿನ ಅಂಶ ಸೇರಿದರೆ ತುಕ್ಕು ಹಿಡಿಸಲು ಮಾತ್ರ ಉಪಯೋಗ. ಹೊಗೆ ಕಡಿಮೆಯಾಗಬೇಕಾದರೆ ಬತ್ತಿಯನ್ನು ಸಮನಾಗಿ ಕತ್ತರಿಸಿ ಸ್ವಲ್ಪ ಇಳಿಸಿ.

ನೀರು ಸೇರಿಸಿ ಎಣ್ಣೆ ಉಳಿಸಬಹುದೇ? ಗಾಜಿನ ಲೋಟದಲ್ಲಿ ನೀರಿನ ಮೇಲೆ ಎಣ್ಣೆ ತೇಲಿಸಿ ದೀಪ ಹಚ್ಚುವ ವಿಡಿಯೋಗಳನ್ನು ನೋಡಿರುತ್ತೀರಿ. ಅಲ್ಲಿ ಉರಿಯುವುದು ಎಣ್ಣೆಯೇ, ನೀರಲ್ಲ. ಬತ್ತಿ ಮೇಲೆ ತೇಲುವುದರಿಂದ ಅದು ಸಾಧ್ಯ. ಲಾಟೀನಿನ ಬತ್ತಿ ಟ್ಯಾಂಕಿನ ತಳಕ್ಕೆ ಇಳಿದಿರುತ್ತದೆ, ನೀರೂ ತಳದಲ್ಲೇ ಇರುತ್ತದೆ. ಬತ್ತಿ ನೀರು ಹೀರಿ ಚಿಟಪಟ ಎಂದು ಆರುತ್ತದೆ, ಟ್ಯಾಂಕ್ ಒಳಗಿನಿಂದ ತುಕ್ಕು ಹಿಡಿಯುತ್ತದೆ.

ಮನೆಯಲ್ಲಿ ಲಾಟೀನಿದ್ದರೆ ಇಷ್ಟು ನೋಡಿಕೊಳ್ಳಿ

1. ಟ್ಯಾಂಕನ್ನು ಒರೆಸಿ, ಎಣ್ಣೆ ಹಾಕಿ, ಬತ್ತಿ ಪೂರ್ತಿ ಇಳಿಸಿ, ಹಳೇ ಪೇಪರಿನ ಮೇಲೆ ಒಂದು ರಾತ್ರಿ ಇಡಿ. ಬೆಳಿಗ್ಗೆ ಪೇಪರಿನಲ್ಲಿ ಎಣ್ಣೆ ಕಲೆ ಕಂಡರೆ ಬೆಸುಗೆ ಬಿಟ್ಟಿದೆ ಅಥವಾ ತುಕ್ಕು ಹಿಡಿದು ತೂತಾಗಿದೆ. ಅದನ್ನು ಹಚ್ಚಬೇಡಿ. ಬತ್ತಿ ಮೇಲೆತ್ತಿಯೇ ಇಟ್ಟರೆ ಸರಿಯಿರುವ ಟ್ಯಾಂಕಿನ ಹೊರಗೂ ಎಣ್ಣೆ ಜಿನುಗುತ್ತದೆ. ಬತ್ತಿ ದೀಪ ಆರಿದ ಮೇಲೂ ಎಣ್ಣೆ ಎಳೆಯುತ್ತಲೇ ಇರುತ್ತದೆ.

2. ಉರಿಯುತ್ತಿರುವಾಗ ಅಥವಾ ಬಿಸಿಯಿರುವಾಗ ಎಣ್ಣೆ ತುಂಬಬೇಡಿ. ಹೊರಗೆ ಚೆಲ್ಲಿದ ಎಣ್ಣೆಯನ್ನು ಪೂರ್ತಿ ಒರೆಸಿದ ಮೇಲೆಯೇ ಕಡ್ಡಿ ಗೀರಿ.

3. ಲಾಟೀನನ್ನು ನೆಲದ ಮೇಲೆ, ಹಾಸಿಗೆಯ ಪಕ್ಕ ಇಡಬೇಡಿ. ಸಮತಟ್ಟಾದ, ಮಕ್ಕಳ ಕೈಗೆ ಸಿಗದ ಜಾಗವಿರಲಿ.

4. ಸೀಮೆಎಣ್ಣೆಯನ್ನು ನೀರಿನ ಅಥವಾ ಜ್ಯೂಸಿನ ಬಾಟಲಿಯಲ್ಲಿ ಇಡಬೇಡಿ. ಮಕ್ಕಳು ನೀರೆಂದು ಕುಡಿಯುತ್ತಾರೆ. ಕುಡಿದರೆ ವಾಂತಿ ಮಾಡಿಸಬೇಡಿ. ವಾಂತಿಯಾಗುವಾಗ ಎಣ್ಣೆ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

5. ಚೆಲ್ಲಿದ ಎಣ್ಣೆಗೆ ಬೆಂಕಿ ಹಿಡಿದರೆ ನೀರು ಎರಚಬೇಡಿ, ಎಣ್ಣೆ ನೀರಿನ ಮೇಲೆ ತೇಲಿ ಬೆಂಕಿ ಹರಡುತ್ತದೆ. ಮರಳು, ಮಣ್ಣು ಹಾಕಿ. ಮೈ ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರು ಬಿಡಿ. ಟೂತ್‌ಪೇಸ್ಟ್, ಇಂಕು, ತುಪ್ಪ ಹಚ್ಚಬೇಡಿ.

ಕೊನೆಯ ಮಾತು

ಟ್ಯಾಂಕನ್ನು ಎಷ್ಟೇ ಸುಧಾರಿಸಿದರೂ ಒಂದು ಸಮಸ್ಯೆ ಉಳಿಯುತ್ತದೆ. ಗಾಜಿಲ್ಲದ ಸಾದಾ ಬತ್ತಿ ದೀಪಗಳಲ್ಲಿ ಉರಿದ ಸೀಮೆಎಣ್ಣೆಯ ಶೇ. 7ರಿಂದ 9ರಷ್ಟು ಭಾಗ ಕಪ್ಪು ಮಸಿಯಾಗಿ ಗಾಳಿ ಸೇರುತ್ತದೆ ಎಂದು 2012ರ ಅಧ್ಯಯನವೊಂದು ತೋರಿಸಿತು. ಮುಚ್ಚಿದ ಕೋಣೆಯಲ್ಲಿ ಅದನ್ನು ಉಸಿರಾಡುವವರು ನಾವೇ. ಸಾಧ್ಯವಿದ್ದವರು ಚಾರ್ಜ್ ಮಾಡುವ ಎಲ್‌ಇಡಿ ಅಥವಾ ಸೋಲಾರ್ ದೀಪ ಇಟ್ಟುಕೊಳ್ಳುವುದೇ ಒಳ್ಳೆಯದು. ಲಾಟೀನೇ ಬೇಕೆಂದಾದರೆ ಅದರ ಟ್ಯಾಂಕ್ ಗಿಡ್ಡವಿರಲಿ, ಅಗಲವಿರಲಿ, ಮುಚ್ಚಳ ಬಿಗಿಯಿರಲಿ, ಒಳಗೆ ಸೀಮೆಎಣ್ಣೆ ಮಾತ್ರ ಇರಲಿ.

ತಲೆಕೆಳಗಾದ ಬಾಟಲಿಯ ವಿಡಿಯೋ ಮತ್ತೆ ನಿಮ್ಮ ಗ್ರೂಪಿಗೆ ಬಂದರೆ, ಅದನ್ನು ಮುಂದಕ್ಕೆ ಕಳಿಸುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಬಿಸಿಯಾದಾಗ ಆ ಎಣ್ಣೆ ಎಲ್ಲಿಗೆ ಹೋಗುತ್ತದೆ?